ಹೆಸರು, ಮುಖ, ಮತ: ಮತದಾರರ ಗುರುತಿನ ಚೀಟಿಯ ಚರಿತ್ರೆ



ಹದಿನೆಂಟು ವರ್ಷ ತುಂಬಿದ ಹುಡುಗಿಯೊಬ್ಬಳು ಇಂದು ಮನೆಯಲ್ಲಿ ಕುಳಿತೇ ಮೊಬೈಲಿನಲ್ಲಿ ತನ್ನ ಭಾವಚಿತ್ರವನ್ನು ಏರಿಸಿ, ಹೆಸರು ಬರೆದು, ಮತದಾರಳಾಗಲು ಅರ್ಜಿ ಸಲ್ಲಿಸುತ್ತಾಳೆ. ಕೆಲವು ವಾರಗಳಲ್ಲಿ ಬಣ್ಣದ ಚಿತ್ರವಿರುವ ಪ್ಲಾಸ್ಟಿಕ್ ಕಾರ್ಡು ಅಂಚೆಯಲ್ಲಿ ಮನೆಗೆ ಬರುತ್ತದೆ. ಇಷ್ಟು ಸಲೀಸಾಗಿ ದೊರೆಯುವ ವಸ್ತುವಿಗೂ ಒಂದು ಚರಿತ್ರೆ ಇರಬಹುದೆಂದು ಯಾರಿಗೂ ತೋರುವುದಿಲ್ಲ. ಆದರೆ ಆ ಹುಡುಗಿಯ ಮುತ್ತಜ್ಜಿಯ ಕಾಲದಲ್ಲಿ ಲಕ್ಷಾಂತರ ಸ್ತ್ರೀಯರು ಸರಕಾರಕ್ಕೆ ತಮ್ಮ ಹೆಸರನ್ನೇ ಹೇಳಲಿಲ್ಲ. ಅಜ್ಜಿಯ ಕಾಲದಲ್ಲಿ ಸಾವಿರಾರು ಸ್ತ್ರೀಯರು ಕ್ಯಾಮೆರಾದ ಮುಂದೆ ಕೂರಲು ಒಪ್ಪಲಿಲ್ಲ. ಪ್ರೌಢಶಾಲೆಯ ಪಾಠದಲ್ಲಿ ನಾವು "ಸಾರ್ವತ್ರಿಕ ವಯಸ್ಕ ಮತಾಧಿಕಾರ" ಎಂಬ ಮೂರು ಪದಗಳನ್ನು ಕಲಿಸಿ, ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಕೇಳಿ ಮುಂದೆ ಸಾಗುತ್ತಿದ್ದೆವು. ಆ ಮೂರು ಪದಗಳ ಹಿಂದಿರುವ ದೀರ್ಘವಾದ ಕಥೆಯನ್ನು ತರಗತಿಯಲ್ಲಿ ಹೇಳಲು ಅವಧಿ ಸಾಲುತ್ತಿರಲಿಲ್ಲ. ಈಗ ಬಿಡುವಿದೆ, ಹೇಳುತ್ತೇನೆ.

ಸ್ವಾತಂತ್ರ್ಯಪೂರ್ವದಲ್ಲಿ ಮತ ಎಂಬುದು ಉಳ್ಳವರ ಸೊತ್ತಾಗಿತ್ತು. 1935ರ ಭಾರತ ಸರಕಾರ ಕಾಯಿದೆಯ ಅನ್ವಯ 1937ರಲ್ಲಿ ಪ್ರಾಂತಗಳಿಗೆ ನಡೆದ ಚುನಾವಣೆಯಲ್ಲಿ ಮತಾಧಿಕಾರವಿದ್ದವರು ಸುಮಾರು 3 ಕೋಟಿ ಜನ ಮಾತ್ರ. ಭೂಕಂದಾಯ ಕಟ್ಟುವವರು, ತೆರಿಗೆ ತೆರುವವರು, ಓದುಬರಹ ಬಲ್ಲವರು, ಇಂಥವರಿಗಷ್ಟೇ ಪಟ್ಟಿಯಲ್ಲಿ ಸ್ಥಾನ. ಸ್ತ್ರೀಯರಲ್ಲಿ ಹಲವರಿಗೆ ಮತ ಬಂದದ್ದು ಗಂಡನ ಆಸ್ತಿಯ ಬಲದಿಂದ. ನಮ್ಮ ಮೈಸೂರು ಸಂಸ್ಥಾನದಲ್ಲಿ 1881ರಷ್ಟು ಹಿಂದೆಯೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಯಿತೆಂದು ನಾವು ಹೆಮ್ಮೆಪಡುತ್ತೇವೆ. ಅದು ಸರಿಯೇ. ಆದರೆ ಅಲ್ಲಿಯೂ ಕೂಲಿ ಮಾಡುವವನಿಗೆ ಮತವಿರಲಿಲ್ಲ.

1947ರ ಬಳಿಕ ಒಂದೇ ಜಿಗಿತಕ್ಕೆ, 21 ವರ್ಷ ತುಂಬಿದ ಪ್ರತಿಯೊಬ್ಬ ಪ್ರಜೆಗೂ ಮತವೆಂದು ನಿರ್ಧಾರವಾಯಿತು. ನಿರ್ಧರಿಸುವುದು ಸುಲಭ. ಪಟ್ಟಿ ಬರೆಯುವವರಾರು? ಈ ಕಾರ್ಯ ಸಂವಿಧಾನ ಜಾರಿಗೆ ಬರುವುದಕ್ಕೂ ಮೊದಲೇ ಆರಂಭವಾಯಿತೆಂಬುದು ಬಹಳ ಜನಕ್ಕೆ ತಿಳಿದಿಲ್ಲ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ಮಂಗಳೂರಿನ ಕಡೆಯ ಬೆನಗಲ್ ನರಸಿಂಗ ರಾಯರು. ಅವರ ಮಾರ್ಗದರ್ಶನದಲ್ಲಿ ಸಭೆಯ ಕಾರ್ಯಾಲಯವು 1947-48ರಲ್ಲೇ ಪ್ರಾಂತಗಳಿಗೂ ಸಂಸ್ಥಾನಗಳಿಗೂ ಪತ್ರ ಬರೆದು ಮತದಾರರ ಪಟ್ಟಿಯ ಸಿದ್ಧತೆಯನ್ನು ತೊಡಗಿಸಿತು. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡು ಬಂದವರನ್ನು ಎಲ್ಲಿಯ ಮತದಾರರೆಂದು ಬರೆಯಬೇಕು ಎಂಬ ಪ್ರಶ್ನೆ ಎದ್ದಾಗ, ಇಲ್ಲಿಯೇ ಕಾಯಂ ಆಗಿ ನೆಲೆಸುತ್ತೇನೆಂದು ಅವರು ಹೇಳಿಕೆ ಕೊಟ್ಟರೆ ಸಾಕು, ಬರೆದುಕೊಳ್ಳಿ ಎಂಬ ದಾರಿಯನ್ನು ಹುಡುಕಲಾಯಿತು. ದಾಖಲೆಯಿಲ್ಲದ ಮನುಷ್ಯನ ಮಾತನ್ನು ಸರಕಾರ ನಂಬಿತು. ಈ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಚುನಾವಣಾ ಆಯೋಗ ಸ್ಥಾಪನೆಯಾದದ್ದು 1950ರ ಜನವರಿ 25ರಂದು. ಮೊದಲ ಮುಖ್ಯ ಚುನಾವಣಾ ಆಯುಕ್ತರು ಸುಕುಮಾರ ಸೇನ್ ಎಂಬ ಐ.ಸಿ.ಎಸ್. ಅಧಿಕಾರಿ. ಅವರ ಮುಂದೆ ಇದ್ದದ್ದು ಸುಮಾರು 17 ಕೋಟಿ 30 ಲಕ್ಷ ಮತದಾರರ ಪಟ್ಟಿ. 1951ರ ಜನಗಣತಿಯಂತೆ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ 18 ಜನ. ಸ್ತ್ರೀಯರಲ್ಲಿ ನೂರಕ್ಕೆ 9 ಜನವೂ ಇಲ್ಲ. ಅಕ್ಷರ ಬಾರದವರಿಗಾಗಿ ಚಿಹ್ನೆಗಳು ಬಂದವು. ಒಬ್ಬ ಎರಡು ಸಲ ಮತ ಹಾಕದಿರಲೆಂದು ಎಡಗೈ ತೋರುಬೆರಳಿಗೆ ಅಳಿಸಲಾಗದ ಶಾಯಿ ಬಂತು. ಆದರೆ ಹೆಸರೇ ಇಲ್ಲದವರಿಗೆ ಏನು ಮಾಡುವುದು?

ಹೆಸರೇ ಇಲ್ಲದವರು ಎಂದೆ. ಉತ್ತರ ಭಾರತದ ಹಲವು ಭಾಗಗಳಲ್ಲಿ ಪಟ್ಟಿ ಬರೆಯಲು ಹೋದವರು ಮನೆಯ ಹೆಂಗಸರ ಹೆಸರು ಕೇಳಿದಾಗ ಉತ್ತರ ಬರಲಿಲ್ಲ. ಪರಪುರುಷನಿಗೆ, ಅದರಲ್ಲೂ ಸರಕಾರದ ಮನುಷ್ಯನಿಗೆ, ಹೆಣ್ಣು ತನ್ನ ಹೆಸರು ಹೇಳುವುದು ಮರ್ಯಾದೆಯಲ್ಲವೆಂಬ ಭಾವನೆ. ಹಾಗಾಗಿ ಇಂಥವನ ಹೆಂಡತಿ, ಇಂಥವನ ಮಗಳು, ಇಂಥವನ ತಾಯಿ ಎಂದೇ ಬರೆದುಕೊಂಡು ಬಂದರು. ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಮತವು ವ್ಯಕ್ತಿಗೆ ಸೇರಿದ್ದು, ವ್ಯಕ್ತಿಗೆ ಸ್ವಂತ ಹೆಸರು ಇರಲೇಬೇಕು ಎಂದು ಪಟ್ಟು ಹಿಡಿದರು. ಹೆಸರು ತಿಳಿಸಲು ಬಿಹಾರಕ್ಕೆ ಹೆಚ್ಚಿನ ಕಾಲಾವಕಾಶವನ್ನೂ ಕೊಟ್ಟರು. ಆದರೂ ದೇಶದ ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ 28 ಲಕ್ಷದಷ್ಟು ಮಂದಿ ಸ್ವಂತ ಹೆಸರು ಕೊಡಲಿಲ್ಲ. ಅಷ್ಟೂ ಜನರನ್ನು ಪಟ್ಟಿಯಿಂದ ತೆಗೆಯಲಾಯಿತು. ಬಿಹಾರ, ಉತ್ತರ ಪ್ರದೇಶ, ಮಧ್ಯ ಭಾರತ, ರಾಜಸ್ಥಾನ, ವಿಂಧ್ಯ ಪ್ರದೇಶಗಳವರೇ ಅವರಲ್ಲಿ ಹೆಚ್ಚು.

28 ಲಕ್ಷ ಹೆಂಗಸರ ಮತ ಹೋಯಿತಲ್ಲ ಎಂದು ಆಗ ಟೀಕೆ ಬಾರದೆ ಇರಲಿಲ್ಲ. ಸೇನರ ವಾದವೇನೆಂದರೆ, ಈ ಸಲ ಆಗುವ ಗದ್ದಲದಿಂದ ಮುಂದಿನ ಚುನಾವಣೆಯ ಹೊತ್ತಿಗೆ ಜನರ ಮನಸ್ಸು ಬದಲಾಗುತ್ತದೆ ಎಂಬುದು. ಅವರು ಕಠಿಣವಾಗಿ ನಡೆದುಕೊಂಡರೋ ದೂರದೃಷ್ಟಿಯಿಂದ ನಡೆದುಕೊಂಡರೋ ಎಂಬ ಚರ್ಚೆಯನ್ನು ನಾನು ಹತ್ತನೆಯ ತರಗತಿಯಲ್ಲಿ ಮಾಡಿಸುತ್ತಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹುಡುಗರು ಸಾಮಾನ್ಯವಾಗಿ ಸೇನರ ಪರ, ಹುಡುಗಿಯರು ಆ ಹೆಂಗಸರ ಪರ ವಾದಿಸುತ್ತಿದ್ದರು. ಹುಡುಗಿಯೊಬ್ಬಳು, "ಹೆಸರ ಹೇಳಬ್ಯಾಡ ಅಂದಾವ್ರು ಮನಿ ಗಂಡಸ್ರು, ಓಟು ಹೋಗಿದ್ದು ಹೆಂಗಸ್ರದು. ಇದ್ಯಾವ ನ್ಯಾಯರೀ ಸರ?" ಎಂದು ಕೇಳಿದ್ದಳು. ಆ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲ.

ಮತಗಟ್ಟೆಯಲ್ಲಿ ಇನ್ನೊಂದು ಸಮಸ್ಯೆ ಕಾದಿತ್ತು. ಪಟ್ಟಿಯಲ್ಲಿ ಹೆಸರಿದೆ. ಆದರೆ ಎದುರಿಗೆ ನಿಂತವರು ಅದೇ ಹೆಸರಿನವರೆಂದು ತಿಳಿಯುವುದು ಹೇಗೆ? ಹಳ್ಳಿಯಲ್ಲಾದರೆ ಎಲ್ಲರೂ ಎಲ್ಲರನ್ನೂ ಬಲ್ಲರು. ಪಟ್ಟಣದಲ್ಲಿ ಯಾರನ್ನು ಕೇಳುವುದು? ಚುನಾವಣಾ ಕೆಲಸಕ್ಕೆ ಹೋದ ನಮ್ಮಂಥ ಉಪಾಧ್ಯಾಯರಿಗೆ ಇದರ ವಿಧಿವಿಧಾನ ಬಾಯಿಪಾಠ. ಅಭ್ಯರ್ಥಿಯ ಏಜೆಂಟನು "ಈತ ಆ ಮನುಷ್ಯನಲ್ಲ" ಎಂದು ಆಕ್ಷೇಪಿಸಬೇಕಾದರೆ 2 ರೂಪಾಯಿ ಠೇವಣಿ ಇಡಬೇಕು. ಪ್ರಿಸೈಡಿಂಗ್ ಆಫೀಸರು ಅಲ್ಲಿಯೇ ವಿಚಾರಣೆ ನಡೆಸಿ ತೀರ್ಮಾನ ಹೇಳಬೇಕು. ಇದು ಚಾಲೆಂಜ್ ಓಟು. ನಿಜವಾದ ಮತದಾರ ಬರುವಷ್ಟರಲ್ಲಿ ಅವನ ಹೆಸರಿನಲ್ಲಿ ಇನ್ನಾರೋ ಮತ ಹಾಕಿ ಹೋಗಿದ್ದರೆ ಅವನಿಗೆ ಬೇರೆ ಮತಪತ್ರ ಕೊಟ್ಟು, ಅದನ್ನು ಪ್ರತ್ಯೇಕ ಲಕೋಟೆಯಲ್ಲಿಡಬೇಕು. ಇದು ಟೆಂಡರ್ ಓಟು. ಅದು ಸಾಮಾನ್ಯ ಎಣಿಕೆಗೆ ಬರುವುದಿಲ್ಲ. ಬೆಳಗಿನಿಂದ ಸಾಲಿನಲ್ಲಿ ನಿಂತ ಬಡ ಮನುಷ್ಯನಿಗೆ, "ನಿನ್ನ ಓಟು ಆಗಿಹೋಗಿದೆ" ಎಂದು ಹೇಳುವುದಕ್ಕಿಂತ ಕಷ್ಟದ ಮಾತು ಮತಗಟ್ಟೆಯಲ್ಲಿ ಇನ್ನೊಂದಿಲ್ಲ.

ಶಾಯಿ ಇದನ್ನು ತಡೆಯಲಾರದು. ರಾಷ್ಟ್ರೀಯ ಭೌತ ಪ್ರಯೋಗಾಲಯದ ಸೂತ್ರದಂತೆ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ಆ ಶಾಯಿ ತಯಾರಾಗುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಕಾರ್ಖಾನೆ ಅದು. 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಶಾಯಿ ಅಲ್ಲಿಂದಲೇ ಹೋಗುತ್ತಿದೆ. ಇದು ನಮಗೆ ಸಂತೋಷದ ವಿಷಯ. ಆದರೆ ಶಾಯಿಯು ಈತ ಮತ ಹಾಕಿದ್ದಾನೆ ಎಂದಷ್ಟೇ ಹೇಳುತ್ತದೆ. ಈತ ಯಾರು ಎಂದು ಹೇಳುವುದಿಲ್ಲ. ಅದಕ್ಕೆ ಮುಖ ಬೇಕು.

ಹೀಗೆ ಭಾವಚಿತ್ರದ ವಿಚಾರ ಹುಟ್ಟಿತು. 1958ರಲ್ಲಿ ಪ್ರಜಾಪ್ರಾತಿನಿಧ್ಯ ಕಾಯಿದೆಗೆ ತಿದ್ದುಪಡಿ ತಂದು ಮತದಾರರಿಗೆ ಗುರುತಿನ ಚೀಟಿ ಕೊಡಲು ಅವಕಾಶ ಮಾಡಲಾಯಿತು. 1960ರಲ್ಲಿ ಕಲ್ಕತ್ತಾ ನೈರುತ್ಯ ಲೋಕಸಭಾ ಕ್ಷೇತ್ರದಲ್ಲಿ ಪ್ರಯೋಗ ನಡೆಯಿತು. ಅಲ್ಲಿ ಸುಮಾರು 3 ಲಕ್ಷ 42 ಸಾವಿರ ಮತದಾರರಿದ್ದರು. ಹತ್ತು ತಿಂಗಳು ಹೆಣಗಿದರೂ ಚೀಟಿ ಕೊಡಲಾದದ್ದು ಸುಮಾರು 2 ಲಕ್ಷ 10 ಸಾವಿರ ಜನರಿಗೆ. ಬಹಳ ಮಂದಿ ಸ್ತ್ರೀಯರು ಚಿತ್ರ ತೆಗೆಸಿಕೊಳ್ಳಲು ಒಪ್ಪಲಿಲ್ಲ. ಚಿತ್ರ ತೆಗೆಯುವವರು ಹೆಂಗಸರೇ ಆದರೂ ಒಪ್ಪಲಿಲ್ಲ. ಖರ್ಚೂ ಅಪಾರವೆನಿಸಿ ಆ ಯೋಜನೆ ಮೂಲೆ ಸೇರಿತು. ಹತ್ತು ವರ್ಷಗಳ ಹಿಂದೆ ಹೆಸರು ಕೊಡದವರು ಬೇರೆ, ಈಗ ಮುಖ ಕೊಡದವರು ಬೇರೆ. ಆದರೂ ಎರಡರ ಹಿಂದಿದ್ದ ಸಂಕೋಚ ಒಂದೇ.

ಅಂದಿನ ದಿನಗಳಲ್ಲಿ ಭಾವಚಿತ್ರವೆಂದರೆ ಏನು ಎಂಬುದನ್ನು ಇಂದಿನ ಮಕ್ಕಳು ಊಹಿಸಲಾರರು. ಮದುವೆಯಲ್ಲೊಮ್ಮೆ, ಅದೂ ಅನುಕೂಲಸ್ಥರ ಮನೆಗಳಲ್ಲಿ ಮಾತ್ರ, ಚಿತ್ರ ತೆಗೆಸುತ್ತಿದ್ದರು. ಚಿತ್ರ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದವರನ್ನು ನಾನೇ ಬಲ್ಲೆ. ಅಂಥ ಕಾಲದಲ್ಲಿ ಕೋಟಿ ಕೋಟಿ ಜನರ ಚಿತ್ರ ತೆಗೆಯುವ ಮಾತು ಹಗಲುಗನಸೇ ಸರಿ. 1979ರಲ್ಲಿ ಪುಟ್ಟ ರಾಜ್ಯವಾದ ಸಿಕ್ಕಿಮಿನ ವಿಧಾನಸಭಾ ಚುನಾವಣೆಯಲ್ಲಿ ಈ ಚೀಟಿ ಬಳಕೆಗೆ ಬಂತು. ಅನಂತರ ಈಶಾನ್ಯದ ಇನ್ನು ಕೆಲವು ರಾಜ್ಯಗಳಿಗೆ ಹಬ್ಬಿತು. ಉಳಿದ ದೇಶ ಸುಮ್ಮನಿತ್ತು.

ಸುಮ್ಮನಿದ್ದ ದೇಶವನ್ನು ಎಬ್ಬಿಸಿದವರು 1990ರ ಡಿಸೆಂಬರಿನಲ್ಲಿ ಮುಖ್ಯ ಚುನಾವಣಾ ಆಯುಕ್ತರಾದ ಟಿ.ಎನ್. ಶೇಷನ್. ಅವರಿಗಿಂತ ಮೊದಲು ಕೆಲವು ದಿನಗಳ ಮಟ್ಟಿಗೆ ಆ ಹುದ್ದೆಯನ್ನು ನಿರ್ವಹಿಸಿದವರು ಮುಂದೆ ನಮ್ಮ ರಾಜ್ಯದ ರಾಜ್ಯಪಾಲರಾದ ವಿ.ಎಸ್. ರಮಾದೇವಿ. 1993ರ ಆಗಸ್ಟಿನಲ್ಲಿ ಶೇಷನ್ನರು ದೇಶದ ಎಲ್ಲ ಮತದಾರರಿಗೂ ಭಾವಚಿತ್ರದ ಗುರುತಿನ ಚೀಟಿ ಕೊಡಬೇಕೆಂದು ಆಜ್ಞೆ ಹೊರಡಿಸಿದರು. ಖರ್ಚಿನ ನೆಪ ಹೇಳಿ ರಾಜ್ಯ ಸರಕಾರಗಳು ಹಿಂದೇಟು ಹಾಕಿದವು. 1995ರ ಜನವರಿ 1ರ ಬಳಿಕ ಚೀಟಿಯಿಲ್ಲದೆ ಚುನಾವಣೆಯೇ ಇಲ್ಲವೆಂದು ಶೇಷನ್ ಗುಡುಗಿದರು. ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಚೀಟಿ ಸಿದ್ಧವಿಲ್ಲವೆಂಬ ಕಾರಣಕ್ಕೆ ಜನರ ಮತದಾನವನ್ನೇ ಅನಿರ್ದಿಷ್ಟವಾಗಿ ಮುಂದೂಡಲಾಗದು ಎಂಬ ನಿಲುವು ಅಲ್ಲಿಂದ ಬಂತು. ಶೇಷನ್ನರ ಹಟ ಒಳ್ಳೆಯದು, ನ್ಯಾಯಾಲಯದ ತಡೆಯೂ ಒಳ್ಳೆಯದು. ಒಂದಿಲ್ಲದಿದ್ದರೆ ಚೀಟಿ ಬರುತ್ತಿರಲಿಲ್ಲ, ಇನ್ನೊಂದಿಲ್ಲದಿದ್ದರೆ ಚೀಟಿಯೇ ಮತಕ್ಕಿಂತ ದೊಡ್ಡದಾಗಿಬಿಡುತ್ತಿತ್ತು.

ಆ ವರ್ಷಗಳಲ್ಲಿ ನಾನು ಆಗಿನ ಅವಿಭಜಿತ ಧಾರವಾಡ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಶಾಲೆಯ ಪಡಸಾಲೆಯಲ್ಲಿಯೇ ಚಿತ್ರ ತೆಗೆಯುವ ಶಿಬಿರ. ಗೋಡೆಗೆ ಬಿಳಿಯ ಬಟ್ಟೆ, ಮುಂದೆ ಒಂದು ಸ್ಟೂಲು. ಹೆಸರು, ವಯಸ್ಸು ತಾಳೆ ನೋಡುವ ಕೆಲಸ ನಮ್ಮದು. ವಯಸ್ಸು ಕೇಳಿದರೆ, "ಗಾಂಧಿ ಸತ್ತ ವರ್ಷ ನಾ ತೊಟ್ಟಲದಾಗಿದ್ನೆಂತ್ರಿ" ಎಂಬ ಉತ್ತರ. ಅದನ್ನು ಲೆಕ್ಕ ಹಾಕಿ ಬರೆದುಕೊಳ್ಳಬೇಕು. ಕಷ್ಟವಾಗುತ್ತಿದ್ದದ್ದು ಗಂಡನ ಹೆಸರಿನ ಕಲಮಿಗೆ ಬಂದಾಗ. ಬಿಹಾರದ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ನಮ್ಮವರು ತಮ್ಮ ಹೆಸರನ್ನು ಸ್ಪಷ್ಟವಾಗಿ ಹೇಳುತ್ತಿದ್ದರು, ಗಂಡನ ಹೆಸರನ್ನು ಮಾತ್ರ ಸುತರಾಂ ಹೇಳುತ್ತಿರಲಿಲ್ಲ! "ಮಾಸ್ತರ, ಅವರ ಹೆಸರ ನಾ ಹ್ಯಾಂಗ ಹೇಳಲ್ರಿ? ಈ ನಮ್ಮ ನೆಗೆಣ್ಣೀನ ಕೇಳ್ರಿ" ಎಂದು ಪಕ್ಕದವಳನ್ನು ತೋರಿಸುವರು. ನೆಗೆಣ್ಣಿ ಸೆರಗು ಬಾಯಿಗೆ ಹಿಡಿದು ನಗುತ್ತ ಹೇಳುವಳು. ಅವಳ ಸರದಿ ಬಂದಾಗ ಇವಳು ಹೇಳುವಳು. ಮದುವೆಮನೆಯಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳುವ ಪದ್ಧತಿಯನ್ನು ನೀವೆಲ್ಲ ಬಲ್ಲಿರಿ. ಒಬ್ಬ ಅಜ್ಜಿ ಸರಕಾರಿ ಕಾರಕೂನರ ಮುಂದೆಯೇ ಒಡಪು ಹಾಕಿ ಹೆಸರು ಹೇಳಿದಾಗ ಪಡಸಾಲೆಯೆಲ್ಲ ನಕ್ಕಿತು. ಬರೆಯುವವರ ಕಿವಿ, ಕಂಪ್ಯೂಟರಿನ ಕೀಲಿ, ಎರಡೂ ಸೇರಿ ಈರವ್ವ ವೀರವ್ವಳಾದದ್ದು, ಗಂಡಸರು ಹೆಂಗಸರಾದದ್ದು ಬೇಕಾದಷ್ಟು. ಆದರೆ ಸಾಲು ಬೆಳಗಿನಿಂದ ಸಂಜೆಯವರೆಗೆ ಕರಗಲಿಲ್ಲ. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಮುಖವನ್ನು ನೇರವಾಗಿ ಕ್ಯಾಮೆರಾಕ್ಕೆ ಕೊಟ್ಟು, ಅವರೆಲ್ಲರೂ ಬಂದು ಕೂತರು.

ಕಪ್ಪುಬಿಳುಪಿನ ಆ ಚೀಟಿಗಳು ನೋಡಲು ಚೆನ್ನಾಗಿರಲಿಲ್ಲ. ತನ್ನ ಮುಖವೇ ತನಗೆ ಗುರುತು ಸಿಗುವುದಿಲ್ಲವೆಂದು ಎಲ್ಲರೂ ತಮಾಷೆ ಮಾಡಿದವರೇ. ಆದರೆ ಎಷ್ಟೋ ಮುದುಕರಿಗೆ, ಅದರಲ್ಲೂ ಹೆಂಗಸರಿಗೆ, ಜೀವಮಾನದಲ್ಲಿ ತೆಗೆಸಿದ ಒಂದೇ ಚಿತ್ರ ಅದಾಗಿತ್ತು. ಅವರು ತೀರಿಕೊಂಡಾಗ ಮಕ್ಕಳು ಆ ಚೀಟಿಯನ್ನೇ ತಾಲೂಕಿನ ಸ್ಟುಡಿಯೋಕ್ಕೆ ಒಯ್ದು, ದೊಡ್ಡದು ಮಾಡಿಸಿ, ಹಣೆಗೆ ಕುಂಕುಮದ ಬಣ್ಣ ಹಾಕಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಕಳ್ಳ ಓಟು ತಡೆಯಲೆಂದು ಸರಕಾರ ಮಾಡಿದ ಕೆಲಸ ಬಡವರ ಮನೆಗೆ ಹಿರಿಯರ ಮುಖವನ್ನು ಉಳಿಸಿಕೊಟ್ಟಿತು. ಇದು ಯಾವ ವರದಿಯಲ್ಲಿಯೂ ದಾಖಲಾಗಿರಲಾರದು.

ಮುಂದಿನ ಬೆಳವಣಿಗೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮತದಾರರ ಪಟ್ಟಿಯಲ್ಲಿಯೇ ಚಿತ್ರಗಳು ಮುದ್ರಣವಾಗತೊಡಗಿದವು. 2009ರ ಲೋಕಸಭಾ ಚುನಾವಣೆಯ ಹೊತ್ತಿಗೆ 543 ಕ್ಷೇತ್ರಗಳಲ್ಲಿ 522ರಲ್ಲಿ ಚಿತ್ರಸಹಿತ ಪಟ್ಟಿ ಬಂದಿತ್ತು. ಅದೇ ವರ್ಷ, ಗಂಡು ಅಥವಾ ಹೆಣ್ಣು ಎಂದು ಬರೆಸಿಕೊಳ್ಳಲು ಇಚ್ಛಿಸದವರಿಗೆ "ಇತರೆ" ಎಂದು ನಮೂದಿಸುವ ಅವಕಾಶ ದೊರೆಯಿತು. 2015ರಿಂದ ಬಣ್ಣದ ಪ್ಲಾಸ್ಟಿಕ್ ಕಾರ್ಡು, 2021ರ ಜನವರಿ 25ರಿಂದ ಮೊಬೈಲಿನಲ್ಲೇ ಇಳಿಸಿಕೊಳ್ಳಬಹುದಾದ ಚೀಟಿ. ಈಗಿನ ಅರ್ಜಿಯಲ್ಲಿ ಸಂಬಂಧಿಕರ ಹೆಸರಿನ ಕಲಮಿನಲ್ಲಿ ತಂದೆ ಅಥವಾ ಗಂಡನ ಹೆಸರೇ ಆಗಬೇಕೆಂದಿಲ್ಲ, ತಾಯಿಯ ಹೆಸರನ್ನೂ ಕೊಡಬಹುದು. ಗಂಡನಾದವನು ಹೆಂಡತಿಯ ಹೆಸರನ್ನು ಕೊಡಬಹುದು. 1951ರಲ್ಲಿ "ಇಂಥವನ ಹೆಂಡತಿ" ಎಂದಷ್ಟೇ ಬರೆಸಿಕೊಂಡವರ ಮೊಮ್ಮಗ ಈಗ "ಇಂಥವಳ ಗಂಡ" ಎಂದು ಬರೆಸಿಕೊಳ್ಳಬಹುದು! 2019ರ ಲೋಕಸಭಾ ಚುನಾವಣೆಯಲ್ಲಿ ಮತ ಹಾಕಿದವರ ಪ್ರಮಾಣ ಗಂಡಸರಲ್ಲಿ ಶೇಕಡಾ 67.01, ಹೆಂಗಸರಲ್ಲಿ ಶೇಕಡಾ 67.18. ಲೋಕಸಭಾ ಚುನಾವಣೆಗಳಲ್ಲಿ ಮೊದಲ ಬಾರಿಗೆ ಹೆಂಗಸರು ಮುಂದಾದರು. ಸುಕುಮಾರ ಸೇನರ ಹಟಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಇಷ್ಟಾದ ಮೇಲೆ ಒಂದು ಮುಖ್ಯ ಮಾತು. ನಮ್ಮಲ್ಲಿ ಬಹುಮಂದಿ ಚೀಟಿ ಕೈಗೆ ಬಂದರೆ ಮತ ಬಂತೆಂದು ತಿಳಿದಿದ್ದಾರೆ. ಅದು ಸರಿಯಲ್ಲ. ಮತ ಇರುವುದು ಪಟ್ಟಿಯಲ್ಲಿ. ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಕಳೆದಿದ್ದರೆ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಚಿತ್ರವಿರುವ ಬ್ಯಾಂಕ್ ಪಾಸ್‌ಬುಕ್ ಮುಂತಾದುವನ್ನು ತೋರಿಸಿ ಮತ ಹಾಕಬಹುದು. ಚೀಟಿ ಇದ್ದು ಹೆಸರಿಲ್ಲದಿದ್ದರೆ ಮತಗಟ್ಟೆಯಲ್ಲಿ ಯಾರೂ ಏನೂ ಮಾಡಲಾರರು. 2025ರಲ್ಲಿ ಬಿಹಾರದಲ್ಲಿ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆಯಿತು. ಆಗಸ್ಟ್ 1ರಂದು ಪ್ರಕಟವಾದ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹಳೆಯ ಹೆಸರುಗಳಿರಲಿಲ್ಲ. ತೀರಿಕೊಂಡವರು, ಊರು ಬಿಟ್ಟವರು, ಎರಡು ಕಡೆ ಇದ್ದವರು ಎಂದು ಆಯೋಗ ಕಾರಣ ಹೇಳಿತು. ಬಿಟ್ಟವರ ಹೆಸರನ್ನು ಕಾರಣಸಹಿತ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿತು. ಆ ಪರಿಷ್ಕರಣೆಗೆ ಕೇಳಿದ ದಾಖಲೆಗಳ ಮೊದಲ ಪಟ್ಟಿಯಲ್ಲಿ ಮತದಾರರ ಚೀಟಿಯೇ ಇರಲಿಲ್ಲ. ಇದರ ರಾಜಕೀಯ ಚರ್ಚೆ ಇಲ್ಲಿ ನನ್ನ ಉದ್ದೇಶವಲ್ಲ. ಸತ್ತವರ ಹೆಸರು ತೆಗೆಯಲೇಬೇಕು, ಇಲ್ಲವಾದರೆ ಕಳ್ಳ ಓಟಿಗೆ ದಾರಿ. ಆದರೆ ಬದುಕಿರುವ ಒಬ್ಬ ಬಡವಿಯ ಹೆಸರು ಕಾಗದವಿಲ್ಲವೆಂದು ಹೋದರೆ, 1948ರಲ್ಲಿ ನಿರಾಶ್ರಿತನ ಮಾತನ್ನೇ ನಂಬಿ ಹೆಸರು ಬರೆದುಕೊಂಡ ದೇಶ ಇದೇ ಎಂಬುದನ್ನು ಯಾರಾದರೂ ನೆನಪಿಸಬೇಕಾಗುತ್ತದೆ. ಚರಿತ್ರೆಯ ಉಪಯೋಗ ಅಷ್ಟೇ.

ಹಿಮಾಚಲ ಪ್ರದೇಶದ ಕಿನ್ನೌರಿನ ಶ್ಯಾಮ ಸರಣ ನೇಗಿ ಎಂಬ ಶಾಲಾ ಉಪಾಧ್ಯಾಯರು ಸ್ವತಂತ್ರ ಭಾರತದ ಮೊದಲ ಮತದಾರರೆಂದು ಪ್ರಸಿದ್ಧರು. ಹಿಮ ಬೀಳುವ ಮುನ್ನ ಆ ಕಡೆ ಮೊದಲೇ ಮತದಾನ ನಡೆದು, 1951ರ ಅಕ್ಟೋಬರ್ 25ರಂದು ಅವರು ಮತ ಹಾಕಿದರು. 2022ರ ನವೆಂಬರ್ 5ರಂದು, ನೂರೈದು ವರ್ಷ ದಾಟಿದ ಅವರು ತೀರಿಕೊಂಡರು. ಅದಕ್ಕೆ ಮೂರು ದಿನ ಮೊದಲು ಅಂಚೆ ಮತಪತ್ರದಲ್ಲಿ ಕೊನೆಯ ಮತ ಹಾಕಿದ್ದರು. ನಮ್ಮ ವೃತ್ತಿಯವರೆಂಬ ಅಭಿಮಾನ ನನಗೆ.

ಆದಕಾರಣ ಮಕ್ಕಳೇ, ಮೂರು ಕೆಲಸ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಹದಿನೇಳು ತುಂಬಿದವರಿದ್ದರೆ ಈಗಲೇ ನಮೂನೆ 6ರಲ್ಲಿ ಅರ್ಜಿ ಹಾಕಿಸಿ. ಮೊದಲಿನಂತೆ ಜನವರಿ 1 ಒಂದೇ ಅಲ್ಲ, 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ ಹದಿನೆಂಟು ತುಂಬಿದವರನ್ನು ಸೇರಿಸಿಕೊಳ್ಳುತ್ತಾರೆ. ಕೆಲಸಕ್ಕಾಗಿ ಬೆಂಗಳೂರಿಗೋ ಪುಣೆಗೋ ಹೋದವರು ನಮೂನೆ 8ರಲ್ಲಿ ವಿಳಾಸ ಬದಲಿಸಿಕೊಳ್ಳಿ. ಹೆಸರು ತಪ್ಪಾಗಿದ್ದರೂ ಅದೇ ನಮೂನೆ. ಪರದೇಶದಲ್ಲಿರುವವರು ಭಾರತದ ಪ್ರಜೆಗಳಾಗಿಯೇ ಇದ್ದರೆ ನಮೂನೆ 6ಎ ಇದೆ. ಅವರಿಗೆ ಚೀಟಿ ಕೊಡುವುದಿಲ್ಲ. ಊರಿಗೆ ಬಂದು ಮೂಲ ಪಾಸ್‌ಪೋರ್ಟ್ ತೋರಿಸಿ ಮತ ಹಾಕಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಊರಿನಲ್ಲಿರುವ ನಿಮ್ಮ ತಾಯಿ, ಅಜ್ಜಿ, ಅತ್ತೆ, ಇವರ ಹೆಸರು ಪಟ್ಟಿಯಲ್ಲಿ ಇದೆಯೇ, ಸರಿಯಾಗಿದೆಯೇ ಎಂದು ಬಿ.ಎಲ್.ಓ. ಬಳಿ ಅಥವಾ 1950 ಸಂಖ್ಯೆಗೆ ಫೋನು ಮಾಡಿ ವಿಚಾರಿಸಿ. ಆ ಬಿ.ಎಲ್.ಓ. ಬಹುಶಃ ನಿಮ್ಮದೇ ಶಾಲೆಯ ಉಪಾಧ್ಯಾಯರೋ ಅಂಗನವಾಡಿಯ ಅಕ್ಕನೋ ಆಗಿರುತ್ತಾರೆ, ಸ್ವಲ್ಪ ಗೌರವದಿಂದ ಮಾತನಾಡಿಸಿ.

ನಿಮ್ಮ ಮನೆಯ ಗೋಡೆಯ ಮೇಲೆಯೂ ಆ ಹಳೆಯ ಚೀಟಿಯಿಂದ ದೊಡ್ಡದು ಮಾಡಿಸಿದ ಚಿತ್ರವಿದ್ದರೆ, ಅದು ಯಾರದೆಂದು ಬರೆದು ತಿಳಿಸಿ. ಓದಿ ಸಂತೋಷಪಡುತ್ತೇನೆ.